ಉಜ್ಜಿದ ಪೆನ್ನಿಯ ಮೇಲೆ ಚುಕ್ಕಿಯಲ್ಲಿ ಬರೆದ ನೆನಪು: ಇದು ಕೈದಿಯ ನಾಣ್ಯವೇ?

ಪ್ರಶ್ನೆ: ನಾವು ಮೈಸೂರಿನವರು, ಬಹಳ ವರ್ಷಗಳಿಂದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದ್ದೇವೆ. ಪಕ್ಕದ ಮನೆಯ ಅಜ್ಜಿ ವೃದ್ಧಾಶ್ರಮಕ್ಕೆ ಹೊರಡುವಾಗ ನನ್ನ ಕೈಗೊಂದು ದಪ್ಪ ತಾಮ್ರದ ಬಿಲ್ಲೆ ಕೊಟ್ಟರು. ಒಂದು ಬದಿಯಲ್ಲಿ ಬ್ರಿಟನ್ನಿನ ಸಂಕೇತವಾದ ಸ್ತ್ರೀಮೂರ್ತಿ ಬ್ರಿಟಾನಿಯಾ ಮಸುಕಾಗಿ ಕಾಣುತ್ತಾಳೆ. ಇನ್ನೊಂದು ಬದಿಯನ್ನು ನುಣ್ಣಗೆ ಉಜ್ಜಿ, ಚುಕ್ಕಿ ಚುಕ್ಕಿಯಾಗಿ ಬಾಣ ಚುಚ್ಚಿದ ಹೃದಯ, ‘ಡಬ್ಲ್ಯು. ಎಚ್.’ ಮತ್ತು ‘ಎಂ. ಎಚ್.’ ಎಂಬ ಅಕ್ಷರಗಳು, 1818 ಎಂಬ ಇಸವಿ, ಸುತ್ತಲೂ ‘ವೆನ್ ದಿಸ್ ಯು ಸೀ, ರಿಮೆಂಬರ್ ಮಿ’ ಎಂದು ಬರೆದಿದೆ. ‘ನಮ್ಮ ಹಿರಿಯರಲ್ಲಿ ಯಾರೋ ಆಸ್ಟ್ರೇಲಿಯಾಕ್ಕೆ ಹೋದವರದಂತೆ’ ಎಂದಷ್ಟೇ ಅವರಿಗೆ ಗೊತ್ತು. ಅಡುಗೆಮನೆಯ ತಕ್ಕಡಿಯಲ್ಲಿ ಇದು 25 ಗ್ರಾಂ ತೋರಿಸಿತು, ಫೋಟೊಗಳನ್ನೂ ಕಳಿಸಿದ್ದೇನೆ. ಗಡೀಪಾರಾಗುವ ಕೈದಿಗಳು ಹೀಗೆ ನಾಣ್ಯದ ಮೇಲೆ ಬರೆದು ಮನೆಯವರಿಗೆ ಕೊಡುತ್ತಿದ್ದರಂತೆ. ಇದು ಕೈದಿಯ ನಾಣ್ಯವೇ? ಅಸಲಿಯೇ? ಹುಣಸೆಹಣ್ಣು ಹಾಕಿ ತೊಳೆಯಬಹುದೇ? ಮಾರುವ ಯೋಚನೆಯಿಲ್ಲ, ಆದರೂ ಬೆಲೆ ಎಷ್ಟಿರಬಹುದು? ಓದಲು ಬೇರೆ ಊರಿಗೆ ಹೊರಟಿರುವ ಮಗಳಿಗೆ, ಮೈಸೂರಿನ ಮನೆಯಲ್ಲಿರುವ ನಮ್ಮಜ್ಜಿಯ ವಿಕ್ಟೋರಿಯಾ ರಾಣಿ ರೂಪಾಯಿಯ ಮೇಲೆ ಹೀಗೇ ಹೆಸರು ಕೊರೆಸಿ ಕೊಡೋಣ ಅನ್ನಿಸಿದೆ. ಸರಿಯೇ?

ಉತ್ತರ: ಮೊದಲು ಹುಣಸೆಹಣ್ಣನ್ನು ಡಬ್ಬಿಗೆ ವಾಪಸ್ ಹಾಕಿ. ಉಳಿದದ್ದು ನಿಧಾನವಾಗಿ ಮಾತಾಡೋಣ. ನೀವು ಕಳಿಸಿದ ಫೋಟೊಗಳಲ್ಲಿ ಕಾಣುವಷ್ಟನ್ನು ನಂಬಿ ಹೇಳುವುದಾದರೆ ಅದು ಅಸಲಿ ವಸ್ತು. ಕೈದಿಯದು ಹೌದೋ ಅಲ್ಲವೋ ಎಂದು ಆ ಬಿಲ್ಲೆಯೊಂದೇ ಹೇಳಲಾರದು. ಆಗಿರಬಹುದು ಎಂಬಲ್ಲಿಗೆ ನಿಲ್ಲಬೇಕು. ಅಜ್ಜಿಯ ರೂಪಾಯಿಗೆ ಮಾತ್ರ ದಯವಿಟ್ಟು ಉಳಿ ಮುಟ್ಟಿಸಬೇಡಿ. ಏಕೆ ಎನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ, ಬದಲಿಗೆ ಏನು ಮಾಡಬಹುದು ಎನ್ನುವುದನ್ನೂ.

ನಿಮ್ಮ ಕೈಯಲ್ಲಿರುವ ಬಿಲ್ಲೆ ಹುಟ್ಟಿದ್ದು ನಿಮ್ಮ ಈಗಿನ ಊರಿನಲ್ಲೇ. ಬರ್ಮಿಂಗ್‌ಹ್ಯಾಮಿಗೆ ಸೇರಿದ ಹ್ಯಾಂಡ್ಸ್‌ವರ್ತ್‌ನಲ್ಲಿ ಮ್ಯಾಥ್ಯೂ ಬೋಲ್ಟನ್ ಎಂಬ ಉದ್ಯಮಿಯ ಸೋಹೊ ಟಂಕಸಾಲೆ ಇತ್ತು. ಉಗಿಯಂತ್ರದಿಂದ ನಾಣ್ಯ ಅಚ್ಚು ಹಾಕುವುದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವನು ಆತ. 1797ರಲ್ಲಿ ಬ್ರಿಟಿಷ್ ಸರ್ಕಾರ ತಾಮ್ರದ ಪೆನ್ನಿ ಮತ್ತು ಎರಡು ಪೆನ್ನಿಯ ನಾಣ್ಯಗಳ ಗುತ್ತಿಗೆಯನ್ನು ಅವನಿಗೆ ಕೊಟ್ಟಿತು. ಪೆನ್ನಿಯ ತೂಕ ಸರಿಯಾಗಿ ಒಂದು ಔನ್ಸ್, ಅಂದರೆ 28.3 ಗ್ರಾಂ, ಅಗಲ 36 ಮಿಲಿಮೀಟರ್. ಎರಡು ಪೆನ್ನಿಯದು ಅದರ ಇಮ್ಮಡಿ ತೂಕ. ಅಂಚಿನಲ್ಲಿ ಅಗಲವಾದ, ಎತ್ತರಿಸಿದ ಪಟ್ಟಿ, ಅದರೊಳಕ್ಕೆ ಕುಳಿಯಾಗಿ ಇಳಿಸಿದ ಅಕ್ಷರಗಳು. ಈ ದಪ್ಪ ಅಂಚಿನಿಂದಾಗಿ ಜನ ಅದನ್ನು ‘ಕಾರ್ಟ್‌ವ್ಹೀಲ್’ ಎಂದು ಕರೆದರು, ಗಾಡಿಯ ಚಕ್ರ ಎಂದು. ನಿಮ್ಮ ಬಿಲ್ಲೆಯಲ್ಲಿ ಬ್ರಿಟಾನಿಯಾಳ ಕೈಯಲ್ಲಿ ತ್ರಿಶೂಲವಿದೆ ನೋಡಿ. ಬ್ರಿಟಿಷ್ ನಾಣ್ಯದಲ್ಲಿ ಅವಳು ಮೊದಲು ತ್ರಿಶೂಲ ಹಿಡಿದದ್ದೇ ಈ ಕಾರ್ಟ್‌ವ್ಹೀಲಿನಲ್ಲಿ; ಅದಕ್ಕೆ ಮುಂಚೆ ಈಟಿ ಇರುತ್ತಿತ್ತು. ಅಡುಗೆಮನೆಯ ತಕ್ಕಡಿಯಲ್ಲಿ 25 ಗ್ರಾಂ ತೋರಿಸಿತು ಎಂದಿದ್ದೀರಿ. ಒಂದು ಬದಿಯಲ್ಲಿದ್ದ ಮೂರನೇ ಜಾರ್ಜನ ಮುಖವನ್ನು ಪೂರ್ತಿ ಉಜ್ಜಿ ತೆಗೆದ ಮೇಲೆ ಅಷ್ಟು ಇಳಿಯುವುದು ಸಹಜ.

ಇಲ್ಲೊಂದು ಉಪಕತೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಇದೇ ಸೋಹೊ ಟಂಕಸಾಲೆ ಈಸ್ಟ್ ಇಂಡಿಯಾ ಕಂಪನಿಗಾಗಿ ಮದ್ರಾಸ್ ಪ್ರೆಸಿಡೆನ್ಸಿಯ ಹತ್ತು ಕಾಸು, ಇಪ್ಪತ್ತು ಕಾಸಿನ ತಾಮ್ರದ ನಾಣ್ಯಗಳನ್ನು 1803ರಲ್ಲೂ 1808ರಲ್ಲೂ ಅಚ್ಚು ಹಾಕಿತು. ಬಳ್ಳಾರಿ, ದಕ್ಷಿಣ ಕನ್ನಡ ಎರಡೂ ಆಗ ಆ ಪ್ರೆಸಿಡೆನ್ಸಿಯಲ್ಲೇ ಇದ್ದವು. 1808ರ ಕಾಸುಗಳನ್ನು ಹೊತ್ತ ‘ಅಡ್ಮಿರಲ್ ಗಾರ್ಡ್ನರ್’ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ದಡ ಬಿಡುವ ಮುಂಚೆಯೇ ಗುಡ್ವಿನ್ ಮರಳುದಿಬ್ಬಕ್ಕೆ ಸಿಕ್ಕಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಎತ್ತಿದ ಆ ಕಾಸುಗಳು ಇವತ್ತಿಗೂ ಮಾರಾಟಕ್ಕೆ ಸಿಗುತ್ತವೆ. ನಮ್ಮ ಕಡೆಯ ಕಾಸು, ನಿಮ್ಮ ನೆರೆಯಜ್ಜಿಯ ಪೆನ್ನಿ, ಎರಡೂ ಒಂದೇ ಕಾರ್ಖಾನೆಯ ಕೂಸುಗಳು.

ಇಸವಿಯ ವಿಷಯದಲ್ಲಿ ಒಂದು ಎಚ್ಚರ. ಕಾರ್ಟ್‌ವ್ಹೀಲ್ ಪೆನ್ನಿಗಳನ್ನು ಎರಡು ಮೂರು ವರ್ಷ ಅಚ್ಚು ಹಾಕಿದರೂ ಎಲ್ಲದರ ಮೇಲೂ 1797 ಎಂದೇ ಇರುತ್ತದೆ. ಅವು ದಶಕಗಳ ಕಾಲ ಜನರ ಜೇಬಿನಲ್ಲಿದ್ದವು. ಆದ್ದರಿಂದ ನಾಣ್ಯದ ಇಸವಿಗೂ ಕೆತ್ತನೆಯ ಇಸವಿಗೂ ಇಪ್ಪತ್ತು ಮೂವತ್ತು ವರ್ಷದ ಅಂತರ ಇದ್ದರೆ ಅದು ಅನುಮಾನಪಡುವ ವಿಷಯವಲ್ಲ. ನಿಮ್ಮದರಲ್ಲಿ ಇಪ್ಪತ್ತೊಂದು ವರ್ಷ, ಸರಿಯಾಗಿಯೇ ಹೊಂದುತ್ತದೆ.

ಇನ್ನು ಆ ಚುಕ್ಕಿಗಳು. ಹಿಂದೆ ಮದುವೆಗೆ ಕೊಡುವ ಹಿತ್ತಾಳೆ, ಸ್ಟೀಲ್ ಪಾತ್ರೆಗಳ ಮೇಲೆ ಪಾತ್ರೆ ಅಂಗಡಿಯವರು ಮೊನೆಯುಳಿ ಇಟ್ಟು ಟಕಟಕನೆ ಕುಟ್ಟಿ ‘ಸೌ. ಇಂಥವರಿಗೆ, ಇಂಥವರಿಂದ’ ಎಂದು ಹೆಸರು ಹಾಕಿಕೊಡುತ್ತಿದ್ದರಲ್ಲ, ಕೆಲಸ ಅದೇ. ಗೆರೆ ಎಳೆಯಲು ಹರಿತವಾದ ಕೆತ್ತನೆಯುಳಿ ಬೇಕು, ಪಳಗಿದ ಮಣಿಕಟ್ಟೂ ಬೇಕು. ಚುಕ್ಕಿಗೆ ಒಂದು ಮೊಳೆ, ಕುಟ್ಟಲು ಏನೋ ಒಂದು, ಮತ್ತೆ ಬೇಕಾದಷ್ಟು ಹೊತ್ತು ಇದ್ದರೆ ಸಾಕು. ಬಂದೀಖಾನೆಯಲ್ಲಿ ಕೊನೆಯದಕ್ಕೆ ಬರವಿರಲಿಲ್ಲ. ಹೀಗಾಗಿ ಈ ಬಗೆಯ ನಾಣ್ಯಗಳಲ್ಲಿ ಎರಡು ಕೈಬರಹ ಸ್ಪಷ್ಟವಾಗಿ ಕಾಣುತ್ತವೆ: ಬಳ್ಳಿ ಸುತ್ತಿದ ಅಂದದ ಗೆರೆಯಕ್ಷರ, ಕಸುಬು ಬಲ್ಲವನದು; ಸಾಲು ಓರೆಯಾಗಿ, ಕೊನೆಯಲ್ಲಿ ಜಾಗ ಸಾಲದೆ ಅಕ್ಷರ ಚಿಕ್ಕದಾದ ಚುಕ್ಕಿ ಬರಹ, ಕಲಿಯದ ಕೈಯದು. ನಿಮ್ಮದು ಎರಡನೆಯದು. ‘ರಿಮೆಂಬರ್’ ಎನ್ನುವ ಪದದ ಕೊನೆಯ ಎರಡು ಅಕ್ಷರ ಅಂಚಿಗೆ ಒತ್ತರಿಸಿಕೊಂಡು ಕೂತಿವೆ. ಬರೆದವನು ಮುಂಚೆ ಅಳತೆ ಹಾಕಿಕೊಂಡಿರಲಿಲ್ಲ. ನನಗೆ ಇಂಥವೇ ಹೆಚ್ಚು ಇಷ್ಟ.

ಈಗ ಕೈದಿಗಳ ವಿಷಯ. 1788ರಿಂದ 1868ರವರೆಗೆ, ಎಂಬತ್ತು ವರ್ಷಗಳಲ್ಲಿ, ಬ್ರಿಟನ್ ಮತ್ತು ಐರ್ಲೆಂಡಿನಿಂದ ಸುಮಾರು 1,62,000 ಮಂದಿಯನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಲಾಯಿತು. ಶಿಕ್ಷೆ ಸಾಮಾನ್ಯವಾಗಿ ಏಳು ವರ್ಷ, ಹದಿನಾಲ್ಕು ವರ್ಷ, ಇಲ್ಲವೇ ಜೀವಾವಧಿ. ಏಳು ವರ್ಷದ ಶಿಕ್ಷೆ ಮುಗಿದರೂ ವಾಪಸ್ ಬರುವ ಹಡಗಿನ ಖರ್ಚನ್ನು ಸರ್ಕಾರ ಕೊಡುತ್ತಿರಲಿಲ್ಲ. ಬಡವನ ಮಟ್ಟಿಗೆ ಏಳು ವರ್ಷಕ್ಕೂ ಜೀವಾವಧಿಗೂ ವ್ಯತ್ಯಾಸ ಕಾಗದದ ಮೇಲೆ ಮಾತ್ರ. ತೀರ್ಪು ಬಂದ ಮೇಲೆ ಹಡಗು ಸಿಗುವವರೆಗೆ ಜೈಲಿನಲ್ಲೋ, ಥೇಮ್ಸ್ ನದಿ ಮತ್ತು ಪೋರ್ಟ್ಸ್‌ಮತ್ ಬಂದರಿನಲ್ಲಿ ನಿಲ್ಲಿಸಿದ್ದ, ಸಮುದ್ರಕ್ಕೆ ಹೋಗಲಾರದ ಹಳೆಯ ಹಡಗುಗಳಲ್ಲೋ ತಿಂಗಳುಗಟ್ಟಲೆ ಕಾಯಬೇಕಿತ್ತು. ಆ ಕಾಯುವ ದಿನಗಳಲ್ಲಿ ಒಂದು ಪೆನ್ನಿಯನ್ನು ಕಲ್ಲಿಗೆ ಉಜ್ಜಿ, ಹೆಸರು, ದಿನ, ಎರಡು ಸಾಲು ಪದ್ಯ ಬರೆದು ಹೆಂಡತಿಗೋ ತಾಯಿಗೋ ಕೊಟ್ಟು ಹೋಗುವುದು ರೂಢಿಯಾಯಿತು. ಕೆತ್ತನೆ ಕೆಲಸ ಬಲ್ಲ ಕೈದಿಗಳು ಉಳಿದವರಿಗೆ ಇದನ್ನು ಮಾಡಿಕೊಟ್ಟದ್ದೂ ಉಂಟು.

ಕಾರ್ಟ್‌ವ್ಹೀಲ್ ಪೆನ್ನಿಯೇ ಏಕೆ ಎಂದರೆ ಉತ್ತರ ಸರಳ. ಒಂದು ಪೆನ್ನಿಯ ಬೆಲೆಗೆ ಬೇರಾವ ನಾಣ್ಯದಲ್ಲೂ ಅಷ್ಟು ಅಗಲದ ಜಾಗ ಸಿಗುತ್ತಿರಲಿಲ್ಲ, ತಾಮ್ರ ಮೆದು, ಕಳೆದುಕೊಳ್ಳುವುದು ಒಂದೇ ಒಂದು ಪೆನ್ನಿ. ಇದರಲ್ಲಿ ಒಂದು ವ್ಯಂಗ್ಯವೂ ಇದೆ. ಆ ಕಾಲದ ಇಂಗ್ಲೆಂಡಿನಲ್ಲಿ ಚಿನ್ನ ಬೆಳ್ಳಿಯ ನಾಣ್ಯದ ಅಂಚು ಕತ್ತರಿಸುವುದು, ಅರ ಹಾಕುವುದು ರಾಜದ್ರೋಹ. ಗಡೀಪಾರಾದವರಲ್ಲಿ ಖೋಟಾ ನಾಣ್ಯ ಚಲಾಯಿಸಿ ಸಿಕ್ಕಿಬಿದ್ದವರೂ ಇದ್ದರು. ನಾಣ್ಯದ ದೆಸೆಯಿಂದ ಜೈಲು ಸೇರಿದವನು, ರಾಜನ ಮುಖವನ್ನು ಉಜ್ಜಿ ಅಳಿಸಿ, ಆ ಜಾಗದಲ್ಲಿ ತನ್ನ ಹೆಸರು ಬರೆದು ಹೋಗುತ್ತಿದ್ದ.

ಇಂಥ ನಾಣ್ಯಗಳ ಅತಿ ದೊಡ್ಡ ಸಂಗ್ರಹ ಇರುವುದು ಕ್ಯಾನ್‌ಬೆರಾದ ನ್ಯಾಷನಲ್ ಮ್ಯೂಸಿಯಂ ಆಫ್ ಆಸ್ಟ್ರೇಲಿಯಾದಲ್ಲಿ, 300ಕ್ಕೂ ಹೆಚ್ಚು. ಹೆಚ್ಚಿನವನ್ನು 2008ರಲ್ಲಿ ಬ್ರಿಟನ್ನಿನ ನಾಣ್ಯ ವ್ಯಾಪಾರಿಯೊಬ್ಬರಿಂದ ಕೊಂಡರು. ಅಂದರೆ ಈ ನಾಣ್ಯಗಳು ಹೆಚ್ಚಾಗಿ ಕೈದಿಯ ಜೊತೆ ಹಡಗು ಹತ್ತಲಿಲ್ಲ. ಉಳಿದವರ ಮನೆಗಳಲ್ಲಿ, ಇಂಗ್ಲೆಂಡಿನಲ್ಲೇ ಉಳಿದವು. ನಿಮ್ಮ ನೆರೆಯಜ್ಜಿಯ ಮನೆಯಲ್ಲಿ ಇದು ಉಳಿದದ್ದು ಈ ಲೆಕ್ಕಕ್ಕೆ ಚೆನ್ನಾಗಿಯೇ ಕೂರುತ್ತದೆ. ಆ ಸಂಗ್ರಹದಲ್ಲಿ ಥಾಮಸ್ ಆಲ್ಸಾಪ್ ಎಂಬವನ ನಾಣ್ಯವಿದೆ. 1833ರ ಜುಲೈ 25ರಂದು ಗಡೀಪಾರಾದಾಗ ವಯಸ್ಸು 21 ಎಂದು ಬರೆದಿದೆ. ಜೊತೆಗಿರುವ ಪದ್ಯದ ಸಾರ ಇಷ್ಟು: ಗುಲಾಬಿ ಬಲುಬೇಗ ಬಾಡಿ ಸಾಯುತ್ತದೆ, ಮುಳ್ಳುಗಿಡವೂ ಒಣಗಿಹೋಗುತ್ತದೆ, ನಿನ್ನ ಮೇಲಿಟ್ಟ ನನ್ನ ಮನಸ್ಸು ಮಾತ್ರ ದಾರಿ ತಪ್ಪದು. ನಿಮ್ಮ ಬಿಲ್ಲೆಯ ಸಾಲು ಕೂಡ ಇಂಥ ನಾಣ್ಯ ಮಾಡಿದವರ ನಡುವೆ ಬಾಯಿಂದ ಬಾಯಿಗೆ ಹರಿದಾಡಿದ್ದೇ. ‘ಇದ ನೋಡಿದಾಗ ನನ್ನ ನೆನೆ’ ಎಂದು ಶುರುವಾಗಿ, ‘ನಾನು ದೂರವಿರುವಾಗ’ ಎಂದೋ ‘ಬಿಡುಗಡೆ ಸಿಗುವ ತನಕ’ ಎಂದೋ ಮುಂದುವರಿಯುತ್ತದೆ.

ಹಾಗಾದರೆ ಇದು ಕೈದಿಯದೇ ಅಲ್ಲವೇ ಎಂದು ನೀವು ಕೇಳುತ್ತೀರಿ. ಇಲ್ಲೇ ತಡೆಯಬೇಕು. ಆ ಸಾಲು ಕೈದಿಗಳ ಸ್ವತ್ತಲ್ಲ. ಸಮುದ್ರಕ್ಕೆ ಹೊರಟ ನಾವಿಕರು, ನೆಪೋಲಿಯನ್ ವಿರುದ್ಧ ಯುದ್ಧಕ್ಕೆ ಹೋದ ಸಿಪಾಯಿಗಳು, ಕೆಲಸ ಕಲಿಯಲು ಊರು ಬಿಟ್ಟ ಹುಡುಗರು, ಎಲ್ಲರೂ ಅದನ್ನೇ ಬರೆಸುತ್ತಿದ್ದರು. ಮಗು ಹುಟ್ಟಿದ ದಿನ, ತೀರಿಕೊಂಡ ದಿನ, ಮದುವೆಯ ದಿನ ಬರೆದ ತಾಮ್ರದ ನಾಣ್ಯಗಳು ಕೈದಿಗಳವಕ್ಕಿಂತ ಎಷ್ಟೋ ಹೆಚ್ಚು. ‘ಕೈದಿ’ ಎಂಬ ಮಾತು ಸೇರಿಸಿದರೆ ಬೆಲೆ ಏರುತ್ತದೆಂದು ವ್ಯಾಪಾರಿಗಳಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಬಾಣ ಚುಚ್ಚಿದ ಹೃದಯ ಕಂಡಲ್ಲೆಲ್ಲ ಕೈದಿ ಹುಟ್ಟಿಕೊಳ್ಳುತ್ತಾನೆ. ನನ್ನ ಮಟ್ಟಿಗೆ, ಶಿಕ್ಷೆಯ ಅವಧಿ, ‘ಟ್ರಾನ್ಸ್‌ಪೋರ್ಟೆಡ್’ (ಗಡೀಪಾರಾದ) ಎಂಬ ಪದ, ಸಂಕೋಲೆ ತೊಟ್ಟ ಮನುಷ್ಯನ ಚಿತ್ರ, ಹಡಗಿನ ಹೆಸರು ಅಥವಾ ಬಿಡುಗಡೆಯ ಮಾತು, ಇವುಗಳಲ್ಲಿ ಒಂದಾದರೂ ಇದ್ದರೆ ಮಾತ್ರ ಕೈದಿಯ ನಾಣ್ಯವೆಂದು ಬರೆದಿಡುತ್ತೇನೆ. ನಿಮ್ಮದರಲ್ಲಿ ಯಾವುದೂ ಇಲ್ಲ. ಎರಡೂ ಹೆಸರು ‘ಎಚ್’ನಲ್ಲೇ ಮುಗಿಯುವುದರಿಂದ ಗಂಡ ಹೆಂಡತಿ ಇರಬಹುದು, ಅಣ್ಣ ತಂಗಿ ಇರಬಹುದು, ತಾಯಿ ಮಗನೂ ಇರಬಹುದು.

ನಿಮ್ಮಲ್ಲಿ ಇರುವ ಬಲವಾದ ಆಧಾರ ಬಿಲ್ಲೆಯಲ್ಲ, ಅದನ್ನು ಕೊಟ್ಟ ಅಜ್ಜಿ. ‘ಆಸ್ಟ್ರೇಲಿಯಾಕ್ಕೆ ಹೋದವರದಂತೆ’ ಎಂಬ ಆ ಒಂದು ಮಾತಿಗೆ ನಾನು ಹೃದಯದ ಚಿತ್ರಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ಅವರು ಮಾತಾಡುವ ಸ್ಥಿತಿಯಲ್ಲಿರುವಾಗಲೇ ಹೋಗಿ ಕೇಳಿ: ತಾಯಿಯ ಕಡೆಯಿಂದ ಬಂತೋ ತಂದೆಯ ಕಡೆಯಿಂದಲೋ? ಆ ಮನೆತನದಲ್ಲಿ ‘ಎಚ್’ನಿಂದ ಶುರುವಾಗುವ ಅಡ್ಡಹೆಸರು ಇತ್ತೇ? ಯಾವ ಊರು, ಯಾವ ಕೌಂಟಿ? ಒಂದು ಅಡ್ಡಹೆಸರು, ಒಂದು ಊರು ಸಿಕ್ಕರೆ ದಾರಿ ತೆರೆಯುತ್ತದೆ. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದ 1674ರಿಂದ 1913ರವರೆಗಿನ ವಿಚಾರಣೆಗಳ ವರದಿ ಅಂತರ್ಜಾಲದಲ್ಲಿ ಪುಕ್ಕಟೆ ಓದಲು ಸಿಗುತ್ತದೆ. ‘ಡಿಜಿಟಲ್ ಪನಾಪ್ಟಿಕಾನ್’ ಎಂಬ ತಾಣ ಅಲ್ಲಿ ಶಿಕ್ಷೆಯಾದವರು ಮುಂದೆ ಏನಾದರೆಂದು ಹುಡುಕಲು ನೆರವಾಗುತ್ತದೆ. ಲಂಡನ್ನಿನ ಹೊರಗೆ ವಿಚಾರಣೆ ನಡೆದಿದ್ದರೆ ಆಯಾ ಕೌಂಟಿಯ ದಾಖಲೆ ಕಚೇರಿಗೆ ಹೋಗಬೇಕು. ಹಡಗುವಾರು ಗಡೀಪಾರು ಪಟ್ಟಿಗಳು ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ‘ಎಚ್‌ಓ 11’ ಎಂಬ ಶ್ರೇಣಿಯಲ್ಲಿ ಇವೆ. ಅವುಗಳಲ್ಲಿ ಹೆಸರು, ಶಿಕ್ಷೆಯಾದ ಜಾಗ, ದಿನ, ಅವಧಿ ಬರೆದಿರುತ್ತಾರೆ. 1818ರ ಆಸುಪಾಸಿನ ಹಡಗುಗಳಲ್ಲಿ ಆ ಮನೆತನದ ವಿಲಿಯಂ ಎಂಬವನೊಬ್ಬ ಸಿಕ್ಕಿದರೆ ನನಗೂ ಒಂದು ಸಾಲು ಬರೆಯಿರಿ. ಬರೀ ‘ಡಬ್ಲ್ಯು. ಎಚ್.’ ಹಿಡಿದು ಹುಡುಕಬೇಡಿ. ವಿಲಿಯಂಗಳಿಗೆ ಇಂಗ್ಲೆಂಡಿನಲ್ಲಿ ಬರವೇ ಇರಲಿಲ್ಲ, ನೂರು ಜನ ಸಿಗುತ್ತಾರೆ, ಅವರಲ್ಲಿ ಒಬ್ಬನನ್ನು ಆರಿಸಿಕೊಳ್ಳುವ ಆಸೆ ಹುಟ್ಟುತ್ತದೆ.

ನೆನಪಿಗೆಂದು ನಾಣ್ಯವನ್ನು ಬದಲಿಸುವ ರೂಢಿ ಕೈದಿಗಳಿಂದ ಶುರುವಾದದ್ದೂ ಅಲ್ಲ. ಅದಕ್ಕೂ ನೂರು ವರ್ಷ ಮುಂಚೆ, ಮೂರನೇ ವಿಲಿಯಂನ ಬೆಳ್ಳಿಯ ಆರು ಪೆನ್ಸ್ ನಾಣ್ಯವನ್ನು ಎರಡು ಕಡೆ ಬಗ್ಗಿಸಿ ಹಾವಿನ ಹಾಗೆ ತಿರುಚಿ ಪ್ರಿಯತಮೆಗೆ ಕೊಡುತ್ತಿದ್ದರು. ಬಗ್ಗಿಸಿದ ನಾಣ್ಯ ಮತ್ತೆ ಅಂಗಡಿಯಲ್ಲಿ ನಡೆಯದು, ಆದ್ದರಿಂದ ಇದು ಖರ್ಚಿಗಲ್ಲ ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು. ಇಂಗ್ಲೆಂಡಿನ ಹೊಲಗಳಲ್ಲಿ ಲೋಹಶೋಧಕ ಹಿಡಿದು ತಿರುಗುವವರಿಗೆ ಇವು ಇಂದಿಗೂ ಸಿಗುತ್ತಲೇ ಇರುತ್ತವೆ.

ನೀವು ಲಂಡನ್ನಿಗೆ ಹೋಗುವುದಿದ್ದರೆ ಫೌಂಡ್ಲಿಂಗ್ ಮ್ಯೂಸಿಯಂ ತಪ್ಪಿಸಬೇಡಿ. ಥಾಮಸ್ ಕೋರಂ ಎಂಬ ಹಡಗಿನ ಕಪ್ತಾನ 1739ರಲ್ಲಿ ರಾಜನ ಸನ್ನದು ಪಡೆದು ಸ್ಥಾಪಿಸಿದ ಅನಾಥಾಲಯದ ಕತೆ ಹೇಳುವ ಜಾಗ ಅದು. 1741ರಲ್ಲಿ ಮೊದಲ ಮಕ್ಕಳನ್ನು ತೆಗೆದುಕೊಂಡರು. ಸಾಕಲಾಗದ ಕೂಸನ್ನು ಒಪ್ಪಿಸುವ ತಾಯಿ ಹೆಸರು ಹೇಳಬೇಕಿರಲಿಲ್ಲ. ಮುಂದೆ ಎಂದಾದರೂ ಮಗುವನ್ನು ವಾಪಸ್ ಕೇಳಲು ಬಂದರೆ ಗುರುತು ಹಿಡಿಯಲೆಂದು ಏನಾದರೊಂದು ಗುರುತಿನ ವಸ್ತು ಬಿಡುತ್ತಿದ್ದಳು: ಬಟ್ಟೆಯ ತುಂಡು, ರಿಬ್ಬನ್ನು, ಹೆಸರು ಕೊರೆದ ನಾಣ್ಯ, ಅರ್ಧಕ್ಕೆ ಕತ್ತರಿಸಿದ ನಾಣ್ಯ. 1741ರಿಂದ 1760ರವರೆಗೆ ಅಲ್ಲಿಗೆ ಬಂದ 16,000ಕ್ಕೂ ಹೆಚ್ಚು ಮಕ್ಕಳಲ್ಲಿ ಹೆತ್ತವರು ಬಂದು ಕರೆದುಕೊಂಡು ಹೋದದ್ದು 152 ಮಕ್ಕಳನ್ನು ಮಾತ್ರ. ಉಳಿದ ನಾಣ್ಯಗಳಲ್ಲಿ ಕೆಲವು ಈಗ ಗಾಜಿನ ಪೆಟ್ಟಿಗೆಯಲ್ಲಿವೆ. ಕೆತ್ತಿದ ನಾಣ್ಯ ಎಂದರೆ ಪ್ರೇಮಿಗಳ ಚೆಲ್ಲಾಟ ಎಂದುಕೊಂಡವರು ಅದರ ಮುಂದೆ ಐದು ನಿಮಿಷ ನಿಲ್ಲಬೇಕು.

ಅಮೆರಿಕದ್ದು ಬೇರೆ ಕತೆ, ಅಲ್ಲಿ ಇದು ಫ್ಯಾಷನ್. 1870–80ರ ದಶಕಗಳಲ್ಲಿ ಬೆಳ್ಳಿಯ ಪುಟ್ಟ ಡೈಮ್ ನಾಣ್ಯದ ಒಂದು ಬದಿಯನ್ನು ಉಜ್ಜಿಸಿ, ಒಡವೆ ಅಂಗಡಿಯಲ್ಲಿ ಹೆಸರಿನ ಮೊದಲಕ್ಷರಗಳನ್ನು ಬಳ್ಳಿಬಳ್ಳಿಯಾಗಿ ಕೆತ್ತಿಸಿ, ಸಾಲಾಗಿ ಪೋಣಿಸಿ ಕೈಬಳೆಯೋ ಪಿನ್ನೋ ಮಾಡಿಸಿಕೊಳ್ಳುತ್ತಿದ್ದರು. ಪೋಲಿ ತಮಾಷೆಯೂ ಇತ್ತು: ‘ಟ್ರೇಡ್ ಡಾಲರ್’ ಮೇಲೆ ಕುಳಿತ ಲಿಬರ್ಟಿ ದೇವಿಯ ಸುತ್ತಲಿನದನ್ನು ಕೊರೆದು, ಅವಳು ಮಲದ ಪಾತ್ರೆಯ ಮೇಲೆ ಕೂತಂತೆ ಮಾಡಿದ ನಾಣ್ಯಗಳಿಗೆ ಇಂದಿಗೂ ಗಿರಾಕಿಗಳಿದ್ದಾರೆ. ಅಂತರ್ಜಾಲದಲ್ಲಿ ‘ಲವ್ ಟೋಕನ್’ (ಪ್ರೀತಿಯ ನೆನಪಿನ ನಾಣ್ಯ) ಎಂದು ಹುಡುಕಿದರೆ ನಿಮಗೆ ಹೆಚ್ಚಾಗಿ ಕಾಣುವುದು ಈ ಅಮೆರಿಕನ್ ಡೈಮ್‌ಗಳೇ. ಅವುಗಳ ಬೆಲೆ ನೋಡಿ ನಿಮ್ಮ ಪೆನ್ನಿಯ ಬೆಲೆ ಊಹಿಸಬೇಡಿ.

ಅಸಲಿಯೇ ಎಂಬ ಪ್ರಶ್ನೆಗೆ ಬರೋಣ. ಇಲ್ಲಿ ಪರೀಕ್ಷೆ ಎರಡು: ನಾಣ್ಯ ಅಸಲಿಯೇ, ಕೆತ್ತನೆ ಆ ಕಾಲದ್ದೇ? ಮೊದಲನೆಯದು ಸುಲಭ. ಅಚ್ಚಿಗೆ ಎರಕ ಹೊಯ್ದ ನಕಲಿಯಾದರೆ ಅಂಚಿನ ಸುತ್ತ ಬೆಸೆದ ಗೆರೆ, ಮೈಮೇಲೆ ಗುಳ್ಳೆಯೊಡೆದ ಪುಟ್ಟ ಕುಳಿಗಳು, ಚಿತ್ರಕ್ಕೆ ಸೋಪು ಕರಗಿದಂಥ ಮಂದ ಇರುತ್ತದೆ. ನಿಮ್ಮದರಲ್ಲಿ ಅದು ಕಾಣುವುದಿಲ್ಲ. ಎರಡನೆಯದು ಕಷ್ಟ, ಏಕೆಂದರೆ ಅಸಲಿ ಹಳೆಯ ಪೆನ್ನಿಯನ್ನು ಇವತ್ತು ತಂದು ಇವತ್ತೇ ಕೊರೆಯಬಹುದು. ಮೊಬೈಲಿನ ಟಾರ್ಚನ್ನು ಬಿಲ್ಲೆಯ ಪಕ್ಕಕ್ಕೆ, ಮೇಜಿನ ಮಟ್ಟದಲ್ಲಿ ಹಿಡಿದು, ಭೂತಗನ್ನಡಿಯಲ್ಲಿ ಚುಕ್ಕಿಗಳ ಒಳಗೆ ನೋಡಿ. ಚುಕ್ಕಿಯ ತಳದ ಬಣ್ಣ ಸುತ್ತಲಿನ ಮೈಯಷ್ಟೇ ಕಂದಾಗಿರಬೇಕು. ತಳ ಹೊಳೆಯುತ್ತಿದ್ದು ಮೈ ಮಾತ್ರ ಕಪ್ಪಾಗಿದ್ದರೆ ಅನುಮಾನಪಡಿ. ಚುಕ್ಕಿಯ ಅಂಚು ಬೆರಳು ತಾಗಿ ತಾಗಿ ದುಂಡಗಾಗಿರಬೇಕು. ಬಿಲ್ಲೆಯ ನಡುವಿನ, ಹೆಚ್ಚು ಉಜ್ಜಾಟಕ್ಕೆ ಸಿಗುವ ಜಾಗದ ಚುಕ್ಕಿಗಳು ಅಂಚಿನವಕ್ಕಿಂತ ತೆಳುವಾಗಿರಬೇಕು. ಕೈಯಿಂದ ಕುಟ್ಟಿದ ಚುಕ್ಕಿಗಳು ಒಂದು ಆಳ, ಒಂದು ತೆಳು, ಒಂದು ಓರೆ. ಲೇಸರಿನದು ಎಲ್ಲವೂ ಒಂದೇ ಆಳ. ನಿಮ್ಮ ಹತ್ತಿರದ ಫೋಟೊದಲ್ಲಿ ಹೃದಯದ ಎಡಭಾಗ ಬಲಭಾಗಕ್ಕಿಂತ ಸವೆದಿದೆ, ಬಣ್ಣ ಒಂದೇ ಸಮನಾಗಿದೆ. ಇಷ್ಟರ ಮೇಲೆ ನಾನು ಅಸಲಿ ಎಂದದ್ದು. ತಪ್ಪು ಕಾಗುಣಿತ ಇದ್ದರೆ ಅಸಲಿ ಎಂದು ಕೆಲವರು ಹೇಳುವುದುಂಟು. ನಕಲಿ ಮಾಡುವವರಿಗೂ ಆ ಮಾತು ಗೊತ್ತಿದೆ.

ಹುಣಸೆಹಣ್ಣಿನ ಕತೆ ಈಗ ಅರ್ಥವಾಗಿರಬೇಕು. ಹುಣಸೆ, ನಿಂಬೆ, ಪಾತ್ರೆ ಬೆಳಗುವ ಪುಡಿ, ಲೋಹ ಪಾಲಿಶ್, ಇವೆಲ್ಲ ತಾಮ್ರದ ಮೇಲ್ಪದರವನ್ನು ಕರಗಿಸಿಯೋ ಕೆರೆದೋ ತೆಗೆಯುತ್ತವೆ. ಇನ್ನೂರು ವರ್ಷದ ಆ ಕಂದು ಬಣ್ಣವೇ ಕೆತ್ತನೆಯ ವಯಸ್ಸಿಗೆ ಇರುವ ಮುಖ್ಯ ಸಾಕ್ಷಿ. ಒಂದು ಸಲ ಬೆಳಗಿದಿರೋ, ಬಿಲ್ಲೆ ದೇವರ ಮನೆಯ ಚೊಂಬಿನಂತೆ ಫಳಫಳ ಹೊಳೆಯುತ್ತದೆ, ಆಮೇಲೆ ಅದು 1818ರದ್ದೋ ಹೋದ ವಾರದ್ದೋ ಎಂದು ನನ್ನಂಥವನು ಹೇಳಲಾರ. ಚುಕ್ಕಿಯಲ್ಲಿ ಮಣ್ಣು ಕೂತಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ಮೆತ್ತನೆ ಹತ್ತಿಬಟ್ಟೆಗೆ ಒತ್ತಿ ಒಣಗಿಸಿ, ಉಜ್ಜಬೇಡಿ. ಜಿಡ್ಡಿದ್ದರೆ ಶುದ್ಧ ಅಸಿಟೋನ್ ಆಗುತ್ತದೆ, ಕಿಟಕಿ ತೆರೆದಿಟ್ಟು, ಒಲೆಯಿಂದ ದೂರ. ಉಗುರಿನ ಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುಗಂಧ ಬೆರೆಸಿರುತ್ತಾರೆ. ತಿಳಿಹಸಿರು ಪುಡಿ ಉದುರುವ ಕಲೆ ಎಲ್ಲಾದರೂ ಕಂಡರೆ ಮಾತ್ರ ತಡಮಾಡದೆ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಕ್ಲೋರೈಡ್ ಸೇರಿ ತಾಮ್ರ ತಿನ್ನುವ ಕಾಯಿಲೆ ಅದು, ಹರಡುತ್ತದೆ. ಇಡುವಾಗ ಮೆದು ಪಿವಿಸಿ ಕವರು ಬೇಡ. ಅದು ಕಾಲ ಕಳೆದಂತೆ ಅಂಟಂಟಾದ ಹಸಿರು ಬಿಡುತ್ತದೆ. ಪಾಲಿಪ್ರೊಪಿಲೀನ್ ಅಥವಾ ಮೈಲಾರ್ ಕವರು, ಜೊತೆಗೊಂದು ಸಿಲಿಕಾ ಜೆಲ್ ಪೊಟ್ಟಣ. ಹಿಡಿಯುವಾಗ ಅಂಚು ಹಿಡಿಯಿರಿ, ಬೆರಳಿನ ಬೆವರು ತಾಮ್ರದ ಮೇಲೆ ಗುರುತು ಉಳಿಸುತ್ತದೆ.

ಬೆಲೆಯ ಮಾತು ಚಿಕ್ಕದು. ನಾಣ್ಯ ಸಂಗ್ರಾಹಕನ ಪಾಲಿಗೆ ನಿಮ್ಮದು ಕೆಟ್ಟುಹೋದ ಪೆನ್ನಿ. ಕೆತ್ತನೆಯ ಸಂಗ್ರಾಹಕನ ಪಾಲಿಗೆ ಒಳ್ಳೆಯ ವಸ್ತು, ಅಪರೂಪದ್ದಲ್ಲ. ಪೂರ್ತಿ ಹೆಸರು, ಶಿಕ್ಷೆ, ಚಿತ್ರ, ದಾಖಲೆಯಲ್ಲಿ ಸಿಗುವ ಮನುಷ್ಯ, ಇವು ಒಂದೊಂದೂ ಬೆಲೆಯನ್ನು ಮೇಲಕ್ಕೆ ಒಯ್ಯುತ್ತವೆ. ಬರೀ ಮೊದಲಕ್ಷರಗಳಿದ್ದರೆ ಕೆಳಗೇ ಉಳಿಯುತ್ತದೆ. ಮನುಷ್ಯ ಯಾರೆಂದು ಗೊತ್ತಾದರೆ ಏನಾಗುತ್ತದೆ ಎನ್ನುವುದಕ್ಕೆ ‘ಷಾರ್ಲಟ್ ಪದಕ’ ಸಾಕು. ಅದು ನಾಣ್ಯವಲ್ಲ. ಮೊದಲ ಕೈದಿ ಹಡಗುಗಳಲ್ಲಿ ಒಂದಾದ ‘ಷಾರ್ಲಟ್’ ಆಸ್ಟ್ರೇಲಿಯಾದ ಬಾಟನಿ ಕೊಲ್ಲಿ ತಲುಪಿದ್ದರ ನೆನಪಿಗೆ, ಹಡಗಿನ ವೈದ್ಯ ಜಾನ್ ವೈಟನ ಬೆಳ್ಳಿಯ ತಟ್ಟೆಯಿಂದ ಥಾಮಸ್ ಬ್ಯಾರೆಟ್ ಎಂಬ ಕೈದಿ ಕೆತ್ತಿದ್ದೆಂದು ನಂಬಲಾದ ಬಿಲ್ಲೆ. ಇದೇ ಬ್ಯಾರೆಟ್ ಪ್ರಯಾಣದ ನಡುವೆ ಹಡಗಿನಲ್ಲೇ ಖೋಟಾ ನಾಣ್ಯ ಮಾಡಿ ಸಿಕ್ಕಿಬಿದ್ದಿದ್ದ ಚತುರ. ದಡ ಸೇರಿದ ಕೆಲವೇ ವಾರಗಳಲ್ಲಿ, 1788ರ ಫೆಬ್ರುವರಿ 27ರಂದು, ಆಹಾರ ಕದ್ದದ್ದಕ್ಕಾಗಿ ಆ ವಸಾಹತಿನಲ್ಲಿ ಮೊದಲು ಗಲ್ಲಿಗೇರಿದವನೂ ಅವನೇ. ಆ ಪದಕ 2008ರ ಹರಾಜಿನಲ್ಲಿ 7,50,000 ಆಸ್ಟ್ರೇಲಿಯನ್ ಡಾಲರಿಗೆ ಹೋಯಿತು. ಈಗ ಸಿಡ್ನಿಯ ಸಾಗರ ವಸ್ತುಸಂಗ್ರಹಾಲಯದಲ್ಲಿದೆ. ನಿಮ್ಮ ಬಿಲ್ಲೆಗೆ ವಿಮೆ ಮಾಡಿಸುವಷ್ಟು ಬೆಲೆ ಇಲ್ಲ, ಚಿಂತೆ ಬಿಡಿ.

ಕೊನೆಗೆ ಅಜ್ಜಿಯ ರೂಪಾಯಿ. ವಿಕ್ಟೋರಿಯಾ ರೂಪಾಯಿ 11.66 ಗ್ರಾಂ, ಅಂದರೆ ಒಂದು ತೊಲ, ಅದರಲ್ಲಿ ಶೇ. 91.7 ಬೆಳ್ಳಿ. ಅಪರೂಪದ್ದೇನೂ ಅಲ್ಲ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಲಕ್ಷ್ಮೀಪೂಜೆಗೆ ಇಡುತ್ತಾರೆ. ಆದರೂ ಕೊರೆಸಬೇಡಿ ಎಂದದ್ದಕ್ಕೆ ಕಾರಣವಿದೆ. ಹಳೆಯ ಕಾಲದ ಈ ಜನ ಯಾರೂ ಪುರಾತನ ನಾಣ್ಯ ಹುಡುಕಿ ತಂದು ಕೊರೆಯಲಿಲ್ಲ. ಆ ದಿನ ಜೇಬಿನಲ್ಲಿದ್ದ ಚಿಲ್ಲರೆಯನ್ನು ಕೊರೆದರು. ನಿಮ್ಮಜ್ಜಿಯ ರೂಪಾಯಿ ಆಗಲೇ ನೆನಪಿನ ವಸ್ತು. ಅದರ ಒಂದು ಬದಿ ಉಜ್ಜಿಸಿದರೆ ಅಜ್ಜಿ ಮುಟ್ಟಿದ ಮೇಲ್ಮೈ ಅಕ್ಕಸಾಲಿಗನ ಅರದ ಪುಡಿಯಾಗಿ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಕಾನೂನಿನದು: ಭಾರತದ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯ ಪುರಾವಸ್ತು, ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಈಗಿನ ಭಾರತೀಯ ನಾಣ್ಯವನ್ನು ಕೊರೆಸೋಣವೆಂದರೂ 2011ರ ನಾಣ್ಯ ಕಾಯ್ದೆ ನಾಣ್ಯವನ್ನು ಕರಗಿಸುವುದು, ನಾಶಪಡಿಸುವುದು, ಹಣವಾಗಿ ಅಲ್ಲದೆ ಬೇರೆ ಕೆಲಸಕ್ಕೆ ಬಳಸುವುದು ಎಲ್ಲವನ್ನೂ ನಿಷೇಧಿಸುತ್ತದೆ.

ನನ್ನ ಸಲಹೆ 1967ರ ಇಂಗ್ಲಿಷ್ ಪೆನ್ನಿ. ದಶಮಾನ ಪದ್ಧತಿ ಬರುವ ಮುಂಚೆ ಚಲಾವಣೆಗೆಂದು ಅಚ್ಚು ಹಾಕಿದ ಕೊನೆಯ ದೊಡ್ಡ ಕಂಚಿನ ಪೆನ್ನಿ ಅದು, 31 ಮಿಲಿಮೀಟರ್ ಅಗಲ, 9.4 ಗ್ರಾಂ ತೂಕ. 1970ರವರೆಗೂ ಅದೇ ಇಸವಿ ಹಾಕಿ ರಾಶಿಗಟ್ಟಲೆ ಅಚ್ಚು ಹಾಕಿದರು, 1971ರ ಆಗಸ್ಟ್ 31ಕ್ಕೆ ಚಲಾವಣೆ ನಿಂತಿತು. ನಿಮ್ಮೂರಿನ ಯಾವ ಹಳೆಯ ಸಾಮಾನಿನ ಅಂಗಡಿಯಲ್ಲೂ ಚಿಲ್ಲರೆ ಕಾಸಿಗೆ ಸಿಗುತ್ತದೆ, ಕೊರೆದರೆ ಯಾರಿಗೂ ನಷ್ಟವಿಲ್ಲ. ಬ್ರಿಟಾನಿಯಾ ಇರುವ ಬದಿಯನ್ನು ಹಾಗೇ ಬಿಟ್ಟು ರಾಣಿಯ ಬದಿಯನ್ನು ಉಜ್ಜಿಸಿ. ನೆರೆಯಜ್ಜಿಯ ಬಿಲ್ಲೆಯ ಹಾಗೇ ಆಗುತ್ತದೆ. ನಿಮ್ಮ ಬರ್ಮಿಂಗ್‌ಹ್ಯಾಮಿನ ಜ್ಯುವೆಲರಿ ಕ್ವಾರ್ಟರ್‌ನಲ್ಲಿ ಕೈಯಿಂದಲೇ ಕೆತ್ತುವವರು ಈಗಲೂ ಇದ್ದಾರೆ. ಕನ್ನಡ ಅಕ್ಷರ ಬೇಕೆಂದರೆ ಅಳತೆಗೆ ಸರಿಯಾಗಿ ಕಾಗದದ ಮೇಲೆ ಬರೆದುಕೊಡಿ, ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ತಾಗದಂತೆ ಬಿಡಿಸಿ ಬರೆಯಿರಿ. ಭಾಷೆ ಬಾರದ ಕೆತ್ತನೆಗಾರ ಗೆರೆಯನ್ನು ಕಂಡ ಹಾಗೆ ಕೆತ್ತುತ್ತಾನೆ, ಕೊಂಬು ದೀರ್ಘ ಹೋದರೆ ಅವನಿಗೆ ಗೊತ್ತಾಗುವುದಿಲ್ಲ. ಲೇಸರಿನಲ್ಲಿ ಮಾಡಿಸಿದರೆ ಅಗ್ಗ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ನಾನಾದರೆ ಮೊಳೆ ಮತ್ತು ಸುತ್ತಿಗೆ ತೆಗೆದುಕೊಂಡು, ಇನ್ನೆರಡು ಪೆನ್ನಿಯ ಮೇಲೆ ಕೈ ಪಳಗಿಸಿಕೊಂಡು, ಮೂರನೆಯದನ್ನು ನಾನೇ ಕುಟ್ಟುತ್ತೇನೆ.